ಕಾಮಾಲೆಗೆ ಮದ್ದು ಕೊಡುವ ಮನೆ

ಮುಂಗಾರು ಹಿಡಿದು ಹದಿನೈದು ದಿನ ಕಳೆದರೆ ಸಾಕು, ಬಾಳ್ಳುಪೇಟೆ ಸುತ್ತಿನ ಕಾಫಿ ಕಣಗಳ ಅಂಚಿನಲ್ಲಿ, ಕೊಟ್ಟಿಗೆಯ ಹಿಂದೆ, ಬಚ್ಚಲ ನೀರು ಹರಿದುಹೋಗುವ ಕಡೆ ಗೇಣುದ್ದದ ಗಿಡವೊಂದು ತಾನಾಗಿ ಏಳುತ್ತದೆ. ಯಾರೂ ಬಿತ್ತಿದ್ದಲ್ಲ, ನೀರೆರೆದದ್ದಲ್ಲ. ಎಲೆ ಹುಣಸೆ ಎಲೆಯಂತೆ ಸಣ್ಣದು. ಕಡ್ಡಿಯನ್ನು ಮಗುಚಿ ನೋಡಿದರೆ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಕಾಯಿಗಳು ಪೋಣಿಸಿಟ್ಟಂತೆ ಸಾಲಾಗಿ ಕೂತಿರುತ್ತವೆ. ಹೊತ್ತು ಮುಳುಗಿದರೆ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಕಳೆ ತೆಗೆಯುವ ಕೈಗಳು ಎಷ್ಟೋ ಸಲ ಇದನ್ನು ಬುಡದ ಮಣ್ಣು ಕೊಡವಿ ಬದಿಗೆ ಇಡುತ್ತವೆ, ಬಿಸಾಡುವುದಿಲ್ಲ. ಅದು ನೆಲನೆಲ್ಲಿ. ಈ ಸೀಮೆಯಲ್ಲಿ ಯಾರ ಕಣ್ಣಾದರೂ ಹಳದಿಯಾಯಿತು ಎಂದರೆ ಮೊದಲು ನೆನಪಾಗುವುದು ಈ ಗಿಡ, ಆಮೇಲೆ ಅದನ್ನು ಅರೆದು ಕೊಡುವ ಒಂದು ಮನೆ.

ಹಾಸನದಿಂದ ಮಂಗಳೂರಿನ ಕಡೆ ಹೊರಟವರಿಗೆ ಆಲೂರು ದಾಟಿದ ಮೇಲೆ, ಸಕಲೇಶಪುರಕ್ಕೆ ಮೊದಲು ಬಾಳ್ಳುಪೇಟೆ ಸಿಗುತ್ತದೆ. ಹೆದ್ದಾರಿಯೂ ಇಲ್ಲೇ, ರೈಲು ನಿಲ್ದಾಣವೂ ಇಲ್ಲೇ. ಮೂಡಲ ಕಡೆಯ ರಾಗಿ ಹೊಲ ಮುಗಿದು ಪಡುವಲ ಕಡೆಯ ಕಾಫಿ, ಮೆಣಸು, ಏಲಕ್ಕಿ ಶುರುವಾಗುವ ಅಂಚಿನ ಊರು ಇದು. ಇಂಥ ಅಂಚಿನ ಊರುಗಳಿಗೆ ಎರಡೂ ಕಡೆಯ ಜನ ಬರುತ್ತಾರೆ, ಎರಡೂ ಕಡೆಯ ಮದ್ದು ಬರುತ್ತದೆ, ಎರಡೂ ಕಡೆಯ ಕಾಯಿಲೆಯೂ ಬರುತ್ತದೆ.

ಕಾಮಾಲೆಗೆ ಮದ್ದು ಕೊಡುವ ಮನೆ ಮಲೆನಾಡಿನಲ್ಲಿ ಒಂದೆರಡಲ್ಲ. ಹತ್ತಾರು ಹಳ್ಳಿಗೆ ಒಂದರಂತೆ ಅವು ಇದ್ದವು, ಈಗಲೂ ಇವೆ. ಅವಕ್ಕೆ ಬೋರ್ಡು ಇರುವುದಿಲ್ಲ. ಬಸ್ಸಿನಿಂದ ಇಳಿದು ಅಂಗಡಿಯಲ್ಲಿ ಕೇಳಿದರೆ ಕೈ ತೋರಿಸುತ್ತಾರೆ. ರೋಗಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಹೋಗಬೇಕು. ಕೊಡುವವರೂ ಏನೂ ತಿಂದಿರಬಾರದು. ಮನೆಯ ಹಿರಿಯರು ರೋಗಿಯನ್ನು ಬೆಳಕಿಗೆ ಕೂರಿಸಿ ಕೆಳಗಿನ ರೆಪ್ಪೆ ಎಳೆದು ನೋಡುತ್ತಾರೆ, ಉಗುರು ನೋಡುತ್ತಾರೆ, ಮೂತ್ರದ ಬಣ್ಣ ಕೇಳುತ್ತಾರೆ. ಬೇರುಸಹಿತ ಅರೆದ ಸೊಪ್ಪನ್ನು ಮಜ್ಜಿಗೆಯಲ್ಲೋ ಹಸುವಿನ ಹಾಲಿನಲ್ಲೋ ಕದಡಿ ಲೋಟದಲ್ಲಿ ಕೊಡುತ್ತಾರೆ. ಕಹಿ ಗಂಟಲಲ್ಲಿ ನಿಲ್ಲುತ್ತದೆ. ‘ಮೂರು ದಿನ ಬರ್ಬೇಕು ಕಣವ್ವ. ಎಣ್ಣೆ, ಖಾರ ಮುಟ್ಟಂಗಿಲ್ಲ’ ಎಂಬ ಮಾತು ಲೋಟದ ಜೊತೆಗೇ ಬರುತ್ತದೆ. ಹಣ ಕೇಳುವ ಪದ್ಧತಿಯಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ, ಇಷ್ಟವಿದ್ದಷ್ಟು ಕಾಣಿಕೆ. ಕಾಸು ಎಣಿಸಿ ಪಡೆದರೆ ಕೈಗುಣ ಹೋಗುತ್ತದೆ, ಗಿಡದ ಹೆಸರು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಎಂಬುದು ನಂಬಿಕೆ. ಹೀಗಾಗಿ ಊರಿಗೆಲ್ಲ ಗೊತ್ತಿರುವ ನೆಲನೆಲ್ಲಿಯೂ ಆ ಮನೆಯೊಳಗೆ ಗುಟ್ಟಾಗಿಯೇ ಉಳಿಯಿತು. ಅದರ ಜೊತೆ ಸೇರುವ ಮತ್ತೊಂದೆರಡು ಸೊಪ್ಪು ಅತ್ತೆಯಿಂದ ಸೊಸೆಗೆ, ಅಪ್ಪನಿಂದ ಮಗನಿಗೆ ಮಾತ್ರ ದಾಟಿತು.

ಪಥ್ಯದ ಪಟ್ಟಿಯಂತೂ ಮದ್ದಿಗಿಂತ ಉದ್ದ. ಗಂಜಿ, ಮಜ್ಜಿಗೆ, ಎಳನೀರು, ಕಬ್ಬಿನ ಹಾಲು ಆಗಬಹುದು. ಒಗ್ಗರಣೆ, ಕರಿದದ್ದು, ಮಾಂಸ, ಹೆಂಡ ಕೂಡದು. ಹಲವು ಮನೆಗಳಲ್ಲಿ ಅರಿಶಿನವನ್ನೂ ದೂರವಿಡುತ್ತಿದ್ದರು. ಹಳದಿಯಾದ ಮೈಗೆ ಇನ್ನಷ್ಟು ಹಳದಿ ಏಕೆ ಎಂಬುದು ಅದರ ತರ್ಕ. ಮಲೆನಾಡಿನ ಹಲವು ಕಡೆ ಕಾಯಿಲೆಗೆ ‘ಅರಿಶಿನ ಮುಂಡಿಗೆ’ ಎಂದೇ ಹೆಸರು. ಉತ್ತರ ಕರ್ನಾಟಕಕ್ಕೆ ಹೋದರೆ ಅದೇ ‘ಕಾಮಣಿ’. ಹೆಸರು ಬದಲಾದರೂ ರೋಗಿಯನ್ನು ಮೂಲೆಯ ಚಾಪೆಯಲ್ಲಿ ಮಲಗಿಸಿ, ಹೊಲದ ಕೆಲಸ ಬಿಡಿಸಿ, ಹಗುರ ಆಹಾರ ಕೊಡುವ ಕ್ರಮ ಎಲ್ಲೆಡೆಯೂ ಒಂದೇ ಆಗಿತ್ತು.

ಇದರ ಪಕ್ಕದಲ್ಲೇ ಕ್ರೂರವಾದ ಪದ್ಧತಿಗಳೂ ಇದ್ದವು. ಮುಂಗೈಗೋ ಹೊಟ್ಟೆಗೋ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಎಳೆಯ ಮಕ್ಕಳನ್ನೂ ಬಿಡುತ್ತಿರಲಿಲ್ಲ. ಮೂಗಿಗೆ ಕಹಿ ರಸ ಹಿಂಡಿ ಹಳದಿ ನೀರು ಸುರಿಸುವವರಿದ್ದರು. ಕೆಲವು ಕಡೆ ಸುಣ್ಣದ ತಿಳಿನೀರಿನಲ್ಲಿ ರೋಗಿಯ ಕೈ ತೊಳೆಸಿ, ನೀರು ಹಳದಿಯಾದದ್ದನ್ನು ತೋರಿಸಿ ‘ಕಾಮಾಲೆ ಇಳಿಯಿತು’ ಎನ್ನುತ್ತಿದ್ದರು. ಮಾವಿನ ತೊಗಟೆಯ ರಸ ಸವರಿದ ಕೈ ಯಾರದೇ ಆಗಲಿ, ಸುಣ್ಣದ ನೀರಿಗೆ ಬಿದ್ದರೆ ನೀರು ಹಳದಿಯಾಗುತ್ತದೆ ಎಂಬುದನ್ನು ವಿಚಾರವಾದಿಗಳು ವೇದಿಕೆಗಳ ಮೇಲೆ ಮಾಡಿ ತೋರಿಸಿದ್ದಾರೆ.

ಈ ಬೆಟ್ಟಸಾಲಿಗೆ ಕಾಮಾಲೆ ಏಕೆ ಅಷ್ಟು ಪರಿಚಿತ ಎಂದು ಕೇಳಿದರೆ ಉತ್ತರ ನೀರಿನಲ್ಲಿದೆ, ಜನರ ಓಡಾಟದಲ್ಲಿದೆ. ಸಕಲೇಶಪುರ ತಾಲೂಕಿಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿತ್ತು. 19ನೇ ಶತಮಾನದ ನಡುವಿನಲ್ಲಿ ಯುರೋಪಿಯನ್ನರು ಇಲ್ಲಿ ಕಾಡು ಸವರಿ ಕಾಫಿ ಹಾಕತೊಡಗಿದರು. ಅವರಲ್ಲೊಬ್ಬನಾದ ರಾಬರ್ಟ್ ಎಚ್. ಎಲಿಯಟ್ ಮೈಸೂರು ಕಾಡಿನ ಪ್ಲಾಂಟರ್ ಬದುಕಿನ ಬಗ್ಗೆ 1871ರಲ್ಲೂ 1894ರಲ್ಲೂ ಪುಸ್ತಕ ಪ್ರಕಟಿಸಿದ. ತೋಟ ಬೆಳೆದಂತೆ ಕೂಲಿಯಾಳುಗಳು ಬೇಕಾದರು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ, ಮೂಡಲ ಬಯಲಿನಿಂದ, ತಮಿಳು ಸೀಮೆಯಿಂದ ಜನ ಬಂದರು. ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೋಣೆಗಳಿಗೆ ‘ಲೈನು’ ಎಂಬ ಹೆಸರು ಬಿತ್ತು. ಕುಡಿಯಲು ಹಳ್ಳದ ನೀರು, ಒರತೆಯ ನೀರು. ಬಯಲಿಗೆ ಹೋಗುವುದೂ ಅದೇ ಇಳಿಜಾರಿನಲ್ಲಿ. ಮಳೆ ಬಂದಾಗ ಮೇಲಿನದೆಲ್ಲ ಕೆಳಕ್ಕೆ ಹರಿಯಲೇಬೇಕು. ತೋಟದ ಕಾರ್ಮಿಕರಿಗೆ ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ ಒದಗಿಸುವುದು ಮಾಲೀಕರ ಹೊಣೆ ಎಂದು ಕಾನೂನು ಹೇಳಿದ್ದು 1951ರಲ್ಲಿ, ತೋಟ ಕಾರ್ಮಿಕ ಕಾಯ್ದೆ ಬಂದಾಗ.

ಅಲ್ಲಿಯವರೆಗೆ ಮಲೆನಾಡಿನ ದೊಡ್ಡ ಹೆದರಿಕೆ ಮಲೇರಿಯಾ. ಮಲೇರಿಯಾ ಜೋರಾದರೂ ಕಣ್ಣು ಹಳದಿಯಾಗುತ್ತದೆ. ಇಲಿಜ್ವರದಲ್ಲೂ ಆಗುತ್ತದೆ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದರೂ ಆಗುತ್ತದೆ, ಹೆಂಡದಿಂದ ಯಕೃತ್ತು ಹಾಳಾದರೂ ಆಗುತ್ತದೆ. ಸಕಲೇಶಪುರದಲ್ಲಿ ಜನ ಇಂದಿಗೂ ಕ್ರಾಫರ್ಡ್ ಆಸ್ಪತ್ರೆ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಯೂ, ಹಾಸನದಲ್ಲಿ ಮಿಷನರಿಗಳ ರೆಡ್‌ಫರ್ನ್ ಆಸ್ಪತ್ರೆಯೂ ಇದ್ದವು. ಆದರೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ. ಮದ್ದು ಕೊಡುವ ಮನೆ ನಡೆದು ಹೋಗುವಷ್ಟು ಹತ್ತಿರ. ಹಳದಿ ಕಣ್ಣು ಕಂಡ ಎಲ್ಲರಿಗೂ ಅಲ್ಲಿ ಒಂದೇ ಹೆಸರು, ಒಂದೇ ಲೋಟ.

ಹಳಬರು ಎಲ್ಲವನ್ನೂ ಒಂದೇ ಎಂದು ತಿಳಿದಿದ್ದರು ಎಂದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗದ ಅಧ್ಯಾಯದೊಳಗೆ ಕಾಮಲಾ ಬರುತ್ತದೆ. ಅಲ್ಲಿ ಒಂದು ಬಗೆಯ ಕಾಮಲೆಯಲ್ಲಿ ಮಲ ಎಳ್ಳಿನ ಹಿಟ್ಟಿನಂತೆ ಬಿಳಿಚುತ್ತದೆ, ಪಿತ್ತದ ದಾರಿ ಕಟ್ಟಿರುವುದರಿಂದ ಹಾಗಾಗುತ್ತದೆ ಎಂಬ ವಿವರವಿದೆ. ಪಿತ್ತನಾಳ ಕಟ್ಟಿದಾಗ ಮಲ ಬಿಳಿಚುವುದನ್ನು ಇಂದಿನ ವೈದ್ಯರೂ ರೋಗಿಯನ್ನು ಕೇಳಿ ತಿಳಿದುಕೊಳ್ಳುತ್ತಾರೆ. ಕಣ್ಣಿಟ್ಟು ನೋಡಿದವರ ಮಾತು ಅದು. ಕಣ್ಣಿಗೆ ಕಾಣದ್ದು ಮಾತ್ರ ತಿಳಿಯುವುದು ತಡವಾಯಿತು.

ಎರಡನೇ ಮಹಾಯುದ್ಧದ ಕಾಲದವರೆಗೂ ಯುರೋಪಿನ ಪುಸ್ತಕಗಳೂ ಸಾಮಾನ್ಯ ಕಾಮಾಲೆಗೆ ಪಿತ್ತನಾಳದಲ್ಲಿ ಕಟ್ಟಿಕೊಂಡ ಲೋಳೆಯೇ ಕಾರಣ ಎಂದು ಹೇಳುತ್ತಿದ್ದವು. 1942ರಲ್ಲಿ ಅಮೆರಿಕದ ಸೈನಿಕರಿಗೆ ಪೀತಜ್ವರದ ಲಸಿಕೆ ಹಾಕಿದ ಮೇಲೆ ಸುಮಾರು 50,000 ಮಂದಿ ಕಾಮಾಲೆಯಿಂದ ಮಲಗಿದರು. ಲಸಿಕೆಗೆ ಬೆರೆಸಿದ್ದ ಮನುಷ್ಯರ ರಕ್ತದ್ರವದಲ್ಲಿ ಏನೋ ಇತ್ತು. 1947ರಲ್ಲಿ ಬ್ರಿಟನ್ನಿನ ಮೆಕ್ಯಾಲಮ್ ಇಂಥ ಕಾಮಾಲೆಗಳನ್ನು ಎರಡಾಗಿ ಬೇರ್ಪಡಿಸಿದ. ಬಾಯಿಯಿಂದ ಹೊಟ್ಟೆಗೆ ಸೇರಿ ಬರುವುದು ಹೆಪಟೈಟಿಸ್ (ಯಕೃತ್ತಿನ ಉರಿಯೂತ) ಎ, ರಕ್ತದಿಂದ ಬರುವುದು ಬಿ. 1960ರ ದಶಕದಲ್ಲಿ ಬಾರೂಕ್ ಬ್ಲಂಬರ್ಗ್ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಅಪರಿಚಿತ ಪ್ರೋಟೀನೊಂದನ್ನು ಕಂಡ. ಅದೇ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ತಿಳಿದದ್ದು ಆಮೇಲೆ. 1976ರಲ್ಲಿ ಅವನಿಗೆ ನೊಬೆಲ್ ಬಂತು. ಎ ವೈರಸ್ 1973ರಲ್ಲಿ ಕಣ್ಣಿಗೆ ಬಿತ್ತು. ಸಿ ವೈರಸ್ಸಿನ ಗುರುತು ಹತ್ತಿದ್ದು 1989ರಲ್ಲಿ. ಅದಕ್ಕಾಗಿ ಆಲ್ಟರ್, ಹೌಟನ್, ರೈಸ್ ಎಂಬ ಮೂವರಿಗೆ 2020ರಲ್ಲಿ ನೊಬೆಲ್ ಸಂದಿತು.

ಇವುಗಳ ನಡುವೆ ಭಾರತಕ್ಕೆ ಬಹಳ ಹತ್ತಿರದ್ದು ಇ. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆ ಉಕ್ಕಿ ಹಿಂದೆ ಸರಿದಾಗ ನಗರದ ಕೊಳಚೆ ವಜೀರಾಬಾದಿನ ನೀರೆತ್ತುವ ಜಾಗಕ್ಕೆ ಸೇರಿತು. ಕೆಲವೇ ವಾರಗಳಲ್ಲಿ ಸುಮಾರು 29,000 ಜನರ ಕಣ್ಣು ಹಳದಿಯಾಯಿತು. ಬಹುಕಾಲ ಅದನ್ನು ಎ ಎಂದೇ ತಿಳಿದಿದ್ದರು. 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಇಂಥದ್ದೇ ಪಿಡುಗು ಎದ್ದಾಗ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಇದು ಎ ಅಲ್ಲ, ಬಿ ಅಲ್ಲ, ಬೇರೆಯದು ಎಂದು ತೋರಿಸಿದರು. 1983ರಲ್ಲಿ ರಷ್ಯದ ಬಾಲಾಯಾನ್ ಎಂಬ ವಿಜ್ಞಾನಿ ರೋಗಿಗಳ ಮಲದ ಅಂಶವನ್ನು ತಾನೇ ನುಂಗಿ, ಕಾಯಿಲೆ ಬಿದ್ದು, ತನ್ನ ಮಲದಲ್ಲೇ ಆ ವೈರಸ್ಸನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ತಿಂಗಳು ತುಂಬುತ್ತಿರುವ ಬಸುರಿಯರ ಪಾಲಿಗೆ ಈ ಇ ಭಯಂಕರ. ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ಐವರಲ್ಲಿ ಅಥವಾ ನಾಲ್ವರಲ್ಲಿ ಒಬ್ಬರು ಸಾಯುವುದನ್ನು ಪಿಡುಗುಗಳಲ್ಲಿ ಕಂಡಿದ್ದಾರೆ. ‘ಬಸುರಿಗೆ ಕಾಮಾಲೆ ಬರಬಾರದು’ ಎಂದು ಹಳ್ಳಿಯ ಅಜ್ಜಿಯರು ಹೆದರುತ್ತಿದ್ದುದರ ಹಿಂದೆ ಕಂಡ ಸಾವುಗಳಿದ್ದವು.

ಈಗ ಮತ್ತೆ ಆ ಲೋಟಕ್ಕೆ ಬರಬೇಕು.

ಎ ಮತ್ತು ಇ ಬಂದ ಆರೋಗ್ಯವಂತರಲ್ಲಿ ಬಹುತೇಕ ಎಲ್ಲರೂ ಕೆಲವು ವಾರಗಳಲ್ಲಿ ತಾವಾಗಿ ಗುಣವಾಗುತ್ತಾರೆ. ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಬಿಟ್ಟಿರುತ್ತದೆ, ಹಸಿವು ಮರಳುವ ಹಾದಿಯಲ್ಲಿರುತ್ತದೆ. ರೋಗಿ ಮದ್ದಿನ ಮನೆಗೆ ಹೋಗುವುದು ಸರಿಯಾಗಿ ಆಗಲೇ. ಮೂರು ದಿನದ ಮದ್ದು, ಮೂರು ವಾರದ ಪಥ್ಯ ಮುಗಿಯುವಾಗ ಕಣ್ಣು ತಿಳಿಯಾಗುತ್ತದೆ. ನೂರು ಜನರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹೀಗೆ ಎದ್ದು ಕೂತು, ಮುಂದಿನ ರೋಗಿಗೆ ಆ ಮನೆಯ ದಾರಿ ಹೇಳಿದರೆ ಹೆಸರು ಬೆಳೆಯದೆ ಇರುತ್ತದೆಯೇ? ಇದರಲ್ಲಿ ಮೋಸವಿಲ್ಲ. ಕೊಟ್ಟವರೂ ನಂಬಿದ್ದರು, ಕುಡಿದವರೂ ನಂಬಿದ್ದರು. ಹೆಂಡ ಬಿಡಿಸಿದ್ದು, ದುಡಿಮೆ ಬಿಡಿಸಿದ್ದು, ನೀರಿನಂಶ ಹೊಟ್ಟೆಗೆ ಸೇರಿಸಿದ್ದು ಖಂಡಿತ ಒಳ್ಳೆಯದೇ ಮಾಡಿತು. ಎಡವಿದ್ದು ಬಿ ಮತ್ತು ಸಿ ವಿಷಯದಲ್ಲಿ. ಅವು ಕಣ್ಣಿನ ಹಳದಿ ಹೋದ ಮೇಲೂ, ಎಷ್ಟೋ ಸಲ ಕಣ್ಣು ಹಳದಿಯೇ ಆಗದೆ, ಇಪ್ಪತ್ತು ಮೂವತ್ತು ವರ್ಷ ಯಕೃತ್ತಿನಲ್ಲಿ ಕೂತು ಅದನ್ನು ಗಟ್ಟಿ ಗಂಟಾಗಿಸಬಲ್ಲವು. ಕಣ್ಣು ನೋಡಿ ಕಾಯಿಲೆ ಅಳೆಯುವ ಕ್ರಮಕ್ಕೆ ಈ ಎರಡು ಸಿಗುವುದೇ ಇಲ್ಲ.

ಹಾಗೆಂದು ವಿಜ್ಞಾನ ನೆಲನೆಲ್ಲಿಯನ್ನು ನೋಡದೆ ತಳ್ಳಿಹಾಕಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಗೆ ರಾಮನ್ ಪ್ರಾಧ್ಯಾಪಕರಾಗಿ ಬಂದುಹೋದ ಅದೇ ಬ್ಲಂಬರ್ಗ್, ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಅವರ ಬಳಗ ಸೇರಿ ಈ ಗಿಡವನ್ನು ಪರೀಕ್ಷೆಗೆ ಒಡ್ಡಿದರು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಬಿ ವೈರಸ್ ಹೊತ್ತವರಿಗೆ 30 ದಿನ ನೆಲನೆಲ್ಲಿಯ ಪುಡಿ ಕೊಟ್ಟಾಗ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಗಿತ್ತು. ಬರೀ ಹುಸಿಮಾತ್ರೆ ನುಂಗಿದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ. ಹಳ್ಳಿಯ ಹಿತ್ತಲಿನ ಗಿಡ ಲೋಕದ ದೊಡ್ಡ ವೈದ್ಯಪತ್ರಿಕೆಯಲ್ಲಿ ಮೆರೆದ ಗಳಿಗೆ ಅದು. ಆದರೆ ಎರಡೇ ವರ್ಷದಲ್ಲಿ ಥಾಯ್ಲೆಂಡಿನಲ್ಲಿ ಅದೇ ಪ್ರಯೋಗ ಮಾಡಿದವರಿಗೆ ಯಾವ ಗುಣವೂ ಕಾಣಲಿಲ್ಲ. ಮುಂದೆ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದ ಕಾಕ್ರೇನ್ ಸಮೀಕ್ಷೆಗೂ ಬಿ ವೈರಸ್ಸಿನ ಮೇಲೆ ಈ ಗಿಡ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಗಿಡದ ಗುರುತಿನಲ್ಲೇ ಗೊಂದಲವಿತ್ತು. ಪುಸ್ತಕಗಳು ಫಿಲಾಂಥಸ್ ನಿರೂರಿ ಎಂದು ಬರೆಯುತ್ತಿದ್ದುದು ಅಮೆರಿಕ ಖಂಡದ ಗಿಡ. ನಮ್ಮಲ್ಲಿ ಆ ಹೆಸರಿನಡಿ ಅಮಾರಸ್, ಫ್ರಟರ್ನಸ್, ಡೆಬಿಲಿಸ್ ಎಂಬ ಮೂರು ಗಿಡಗಳು ಬೆರೆತಿವೆ ಎಂದು ಸಸ್ಯಶಾಸ್ತ್ರಜ್ಞರು ಬಿಡಿಸಿಟ್ಟರು. ಬೇರೆ ಬೇರೆ ಕೈಯಲ್ಲಿದ್ದ ಲೋಟದಲ್ಲಿ ಬೇರೆ ಬೇರೆ ಗಿಡವೇ ಇದ್ದಿರಬಹುದು.

ವೈರಸ್ಸನ್ನು ಕೊಲ್ಲುತ್ತದೆ ಎಂಬ ಮಾತು ನಿಲ್ಲದೆ ಹೋದ ಕಾಲಕ್ಕೆ ಹೊಸದೊಂದು ಮಾತು ಬಂತು. ನೆಲನೆಲ್ಲಿಯಲ್ಲಿ ‘ಆಂಟಿಆಕ್ಸಿಡೆಂಟ್’ ಇದೆ, ಅದು ಲಿವರ್ ಕಾಯುತ್ತದೆ. ಇಂದು ಔಷಧಿ ಅಂಗಡಿಯ ಡಬ್ಬಿಗಳ ಮೇಲೆ, ಮೊಬೈಲಿಗೆ ಬರುವ ಸಂದೇಶಗಳಲ್ಲಿ ಎಲ್ಲೆಲ್ಲೂ ಈ ಪದ. ಅದರ ಹಿಂದಿನ ಕಥೆ ಕಾಮಾಲೆಯ ಕಥೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ಮಾಂಸದಂಗಡಿಯಿಂದ ತಂದ ಕುರಿಯ ಲಿವರಿನ ಒಂದು ಚೂರಿನ ಮೇಲೆ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಹಾಕಿದರೆ ಬುಸ್ ಎಂದು ನೊರೆ ಏಳುತ್ತದೆ. ಕುರಿ ಸತ್ತು ಗಂಟೆಗಳಾಗಿವೆ, ಆದರೂ ಅದರ ಯಕೃತ್ತಿನೊಳಗಿನ ಕ್ಯಾಟಲೇಸ್ ಎಂಬ ಕಿಣ್ವ ಇನ್ನೂ ಕೆಲಸದಲ್ಲಿದೆ. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿದೆ, ನೊರೆಯೆಲ್ಲ ಆ ಆಮ್ಲಜನಕ. 1818ರಲ್ಲಿ ಪೆರಾಕ್ಸೈಡನ್ನು ಕಂಡುಹಿಡಿದ ಫ್ರಾನ್ಸಿನ ತೆನಾರ್‌ಗೇ ಪ್ರಾಣಿಗಳ ಅಂಗಾಂಶ ತಾಗಿದರೆ ಅದು ಒಡೆಯುವುದು ಗೊತ್ತಿತ್ತು. 1937ರಲ್ಲಿ ಸಮ್ನರ್ ಮತ್ತು ಡೌನ್ಸ್ ದನದ ಯಕೃತ್ತಿನಿಂದಲೇ ಕ್ಯಾಟಲೇಸನ್ನು ಹರಳುಗಟ್ಟಿಸಿ ತೆಗೆದರು. ದೇಹದಲ್ಲಿ ಈ ಕಿಣ್ವ ಹೇರಳವಾಗಿರುವ ಜಾಗಗಳಲ್ಲಿ ಯಕೃತ್ತು ಮುಖ್ಯವಾದದ್ದು. ಏಕೆಂದರೆ ಉಸಿರಿನ ಆಮ್ಲಜನಕದಿಂದ ಆಹಾರವನ್ನು ಉರಿಸಿ ಶಕ್ತಿ ಮಾಡುವ ಪ್ರತಿ ಜೀವಕೋಶದಲ್ಲೂ ಕಿಡಿ ಹಾರುತ್ತದೆ. ಒಲೆ ದೊಡ್ಡದಾದಷ್ಟೂ ಕಿಡಿ ಹೆಚ್ಚು. ಯಕೃತ್ತು ದೇಹದ ದೊಡ್ಡ ಒಲೆ.

ಆ ಕಿಡಿಗಳೆಂದರೆ ಆಮ್ಲಜನಕದ ಉಗ್ರ ರೂಪಗಳು, ಅವನ್ನು ಆರಿಸುವುದಕ್ಕೇ ಆಂಟಿಆಕ್ಸಿಡೆಂಟ್ ಎಂದು ಹೆಸರು. ಅವುಗಳಲ್ಲಿ ಮೊದಲನೆಯದು ಸೂಪರಾಕ್ಸೈಡ್. ಅದನ್ನು ಹಿಡಿದು ಪೆರಾಕ್ಸೈಡ್ ಮಾಡುವ ಕಿಣ್ವವನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಹಸುವಿನ ರಕ್ತದಲ್ಲಿ ಗುರುತಿಸಿದರು. ಅದೇ ಸೂಪರಾಕ್ಸೈಡ್ ಡಿಸ್ಮ್ಯೂಟೇಸ್, ಲ್ಯಾಬಿನವರ ಬಾಯಲ್ಲಿ ಎಸ್‌ಒಡಿ. ಅದು ಕೊಟ್ಟ ಪೆರಾಕ್ಸೈಡನ್ನು ಕ್ಯಾಟಲೇಸೂ, 1957ರಲ್ಲಿ ಮಿಲ್ಸ್ ಕಂಡ ಗ್ಲುಟಾಥಯೋನ್ ಪೆರಾಕ್ಸಿಡೇಸೂ ನೀರಾಗಿಸುತ್ತವೆ. ಎಸ್‌ಒಡಿಗೆ ತಾಮ್ರ, ಸತು, ಮ್ಯಾಂಗನೀಸ್ ಬೇಕು. ಕ್ಯಾಟಲೇಸಿಗೆ ಕಬ್ಬಿಣ, ಮೂರನೆಯದಕ್ಕೆ ಸೆಲೆನಿಯಂ. ಕಿಡಿ ಹೆಚ್ಚಾಗಿ ಆರಿಸುವ ಕೈ ಸಾಲದಾದಾಗ ಆಗುವ ಸ್ಥಿತಿಗೆ 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಬಳಸಿದ ಹೆಸರನ್ನು ಕನ್ನಡದಲ್ಲಿ ಉತ್ಕರ್ಷಣ ಒತ್ತಡ ಎನ್ನುತ್ತಾರೆ.

ವೈರಲ್ ಹೆಪಟೈಟಿಸ್‌ನಲ್ಲಿ ಈ ಒತ್ತಡ ಎರಡು ಕಡೆಯಿಂದ ಬರುತ್ತದೆ. ಬಿ ವೈರಸ್ ತಾನೇ ಜೀವಕೋಶವನ್ನು ಹೆಚ್ಚು ಕೊಲ್ಲುವುದಿಲ್ಲ. ಅದನ್ನು ಹುಡುಕಿ ಬಂದ ನಮ್ಮದೇ ರಕ್ಷಣಾ ಕೋಶಗಳು ಸೋಂಕಿನ ಕೋಶಗಳ ಮೇಲೆ ಬಿದ್ದಾಗ ಯಕೃತ್ತು ಸುಡುತ್ತದೆ. ಸಿ ವೈರಸ್ಸಿನ ಪ್ರೋಟೀನು ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಕ್ಕೇ ಕೈ ಹಾಕಿ ಕಿಡಿ ಹಾರಿಸುತ್ತದೆ. ಯಕೃತ್ತಿನಲ್ಲಿ ಕಬ್ಬಿಣ ಹೆಚ್ಚು ಶೇಖರವಾಗಿದ್ದರೆ ಆ ಕಿಡಿ ಇನ್ನಷ್ಟು ಉಗ್ರವಾಗುತ್ತದೆ.

ಇದನ್ನು ರೋಗಿಯ ರಕ್ತದಲ್ಲಿ ಅಳೆಯುವುದು ಹೇಗೆ? ಕಿಡಿಗಳು ಕೋಶದ ಪೊರೆಯ ಕೊಬ್ಬನ್ನು ಸುಟ್ಟಾಗ ಮ್ಯಾಲಾನ್‌ಡೈಆಲ್ಡಿಹೈಡ್ ಎಂಬ ವಸ್ತು ಉಳಿಯುತ್ತದೆ, ಒಲೆ ಆರಿದ ಮೇಲಿನ ಬೂದಿಯಂತೆ. ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ರಕ್ತದ ತಿಳಿಗೆ ಥಯೋಬಾರ್ಬಿಟ್ಯೂರಿಕ್ ಆಮ್ಲ ಬೆರೆಸಿ ಕುದಿಯುವ ನೀರಿನಲ್ಲಿ ಇಡುತ್ತಾರೆ. ಆರಿಸಿ ತೆಗೆದಾಗ ನಳಿಕೆಯಲ್ಲಿ ಗುಲಾಬಿ ಬಣ್ಣ ನಿಂತಿರುತ್ತದೆ. 532 ನ್ಯಾನೊಮೀಟರ್ ಬೆಳಕಿನಲ್ಲಿ ಆ ಬಣ್ಣದ ಗಾಢತೆ ಅಳೆದರೆ ಎಷ್ಟು ಸುಟ್ಟಿದೆ ಎಂಬ ಅಂದಾಜು ಸಿಗುತ್ತದೆ. ಮದ್ದಿನ ಮನೆಯ ಹಿರಿಯರು ಕಣ್ಣಿನ ಹಳದಿ ನೋಡಿದಂತೆ ಇಲ್ಲಿಯವರು ನಳಿಕೆಯ ಗುಲಾಬಿ ನೋಡುತ್ತಾರೆ.

ಇಂಥ ಅಧ್ಯಯನಗಳು ಭಾರತವೂ ಸೇರಿ ಹಲವು ದೇಶಗಳಲ್ಲಿ ಬಹಳ ನಡೆದಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು: ಹೆಪಟೈಟಿಸ್ ರೋಗಿಗಳ ರಕ್ತದಲ್ಲಿ ಆ ಗುಲಾಬಿ ಗಾಢ, ಕಿಡಿ ಆರಿಸಲು ನೆರವಾಗುವ ಗ್ಲುಟಾಥಯೋನ್ ಕಡಿಮೆ. ಕಿಣ್ವಗಳ ಲೆಕ್ಕ ಮಾತ್ರ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಕೆಲವು ಕಡೆ ಎಸ್‌ಒಡಿ ಏರಿತ್ತು, ಕೆಲವು ಕಡೆ ಇಳಿದಿತ್ತು. ಬೆಂಕಿ ಹತ್ತಿದ ಮೊದಲಿಗೆ ಮನೆಮಂದಿಯೆಲ್ಲ ನೀರು ಹೊತ್ತು ಓಡುತ್ತಾರೆ, ಉರಿ ಆರದೇ ಹೋದರೆ ಸುಸ್ತಾಗಿ ಕೂರುತ್ತಾರೆ. ಕಿಣ್ವಗಳದ್ದೂ ಹಾಗೆ ಇರಬಹುದು ಎಂಬುದು ಒಂದು ವಿವರಣೆ. ಒಡೆದ ಯಕೃತ್ ಕೋಶಗಳಿಂದ ಕಿಣ್ವ ರಕ್ತಕ್ಕೆ ಸೋರುವುದರಿಂದಲೂ ಲೆಕ್ಕ ಏರಬಹುದು. ರೋಗದ ಯಾವ ಹಂತದಲ್ಲಿ ರಕ್ತ ತೆಗೆದರು ಎಂಬುದರ ಮೇಲೆ ಅಂಕಿ ನಿಂತಿದೆ.

ಈ ಕಿಣ್ವಗಳನ್ನು ದೇಹ ತನ್ನೊಳಗೇ ತಯಾರಿಸುತ್ತದೆ. ಅವು ಪ್ರೋಟೀನುಗಳು. ಬಾಯಿಂದ ನುಂಗಿದರೆ ಬೇಳೆಯಂತೆ, ಮೊಟ್ಟೆಯಂತೆ ಜೀರ್ಣವಾಗಿ ಹೋಗುತ್ತವೆ. ಕಿಡಿ ಆರಿಸುವ ಬೇರೆ ಗುಳಿಗೆಗಳನ್ನು ನುಂಗಿಸಿದರೆ ಸಾಲದೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿಗಳನ್ನು ಸೇರಿಸಿಕೊಂಡು ನಡೆದ ಪ್ರಯೋಗದಲ್ಲಿ ಬೀಟಾ ಕೆರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. 1994ರಲ್ಲಿ ಬಂದ ಆ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಯಕೃತ್ತಿನ ಕಾಯಿಲೆಗಳಿಗೆ ಆಂಟಿಆಕ್ಸಿಡೆಂಟ್ ಗುಳಿಗೆ ಕೊಟ್ಟ ಪ್ರಯೋಗಗಳನ್ನು ತೂಗಿದಾಗಲೂ ರೋಗಿಗೆ ಲಾಭವಾಯಿತು ಎನ್ನಲು ಸಾಕ್ಷ್ಯ ಸಿಗಲಿಲ್ಲ. ಬೂದಿ ಅಳೆದರೆ ಎಷ್ಟು ಉರಿದಿದೆ ಎಂದು ಗೊತ್ತಾಗುತ್ತದೆ. ಬೆಂಕಿ ಇಟ್ಟವರನ್ನು ಬಿಟ್ಟು ಕಿಡಿಗಳ ಹಿಂದೆ ಓಡಿದರೆ ಮನೆ ಉಳಿಯುವುದಿಲ್ಲ. ಬಿ, ಸಿ ಕಾಯಿಲೆಯಲ್ಲಿ ಬೆಂಕಿ ಇಟ್ಟದ್ದು ವೈರಸ್.

ಬಾಳ್ಳುಪೇಟೆಯವರಿಗೆ ಈ ಕಥೆಯಲ್ಲಿ ಖುಷಿ ಕೊಡುವ ಒಂದು ತಿರುವಿದೆ. ಲಿವರ್ ಎಂದ ಕೂಡಲೇ ಅಂಗಡಿಯವರು ಕೈ ಹಾಕುವ ಲಿವ್-52, ಹಿಮಾಲಯ ಕಂಪನಿ 1955ರಲ್ಲಿ ಹೊರತಂದ ಔಷಧಿ. ಆ ಕಂಪನಿ 1970ರ ದಶಕದಲ್ಲಿ ಬೆಂಗಳೂರಿಗೆ ಬಂದು ಬೇರೂರಿತು. ಅದರಲ್ಲಿರುವ ಗಿಡಗಳಲ್ಲಿ ಕಾಸನಿ ಒಂದು. ಕಾಸನಿ ಎಂದರೆ ಬೇರೆ ಏನೂ ಅಲ್ಲ, ಇಲ್ಲಿನ ಕಾಫಿಪುಡಿ ಅಂಗಡಿಗಳಲ್ಲಿ ‘ಎಷ್ಟು ಬೆರೆಸಲಿ’ ಎಂದು ಕೇಳುವ ಚಿಕೋರಿ ಗಿಡವೇ. ಪುಡಿಗೆ ಅದರ ಬೇರು, ಔಷಧಿಗೆ ಬೀಜ. ಇನ್ನು ಕಾಫಿ. ಹೆಪಟೈಟಿಸ್ ಸಿ ಇದ್ದ 766 ಜನರನ್ನು ಕೆಲವು ವರ್ಷ ಗಮನಿಸಿದ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ದಿನಕ್ಕೆ ಮೂರು ಲೋಟ ಅಥವಾ ಅದಕ್ಕಿಂತ ಹೆಚ್ಚು ಕಾಫಿ ಕುಡಿಯುತ್ತಿದ್ದವರಲ್ಲಿ ಯಕೃತ್ತು ಕೆಡುವ ವೇಗ ಕಡಿಮೆ ಇತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೂ ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದಿತು. ಕಾಫಿ ಮದ್ದು ಎಂದು ಯಾರೂ ಹೇಳಿಲ್ಲ. ಆದರೆ ದಿನವೂ ಕುಡಿಯುವ ಕಾಫಿಯ ಲೋಟ ಅಷ್ಟೇನೂ ಕೆಟ್ಟದ್ದಲ್ಲ ಎಂದು ತಿಳಿದರೆ ಕಾಫಿ ಸೀಮೆಯವರಿಗೆ ಸಂತೋಷವಾಗದೆ ಇರದು.

ಬೆಂಕಿ ಹತ್ತದಂತೆ ತಡೆಯುವ ಕೆಲಸವೂ ಈ ವರ್ಷಗಳಲ್ಲೇ ಆಯಿತು. ಹೆರಿಗೆಯ ಹೊತ್ತಿಗೆ ತಾಯಿಯಿಂದ ಬಿ ವೈರಸ್ ಪಡೆದ ಕೂಸುಗಳಲ್ಲಿ ಶೇಕಡ 90ರಷ್ಟು ಜೀವನವಿಡೀ ಅದನ್ನು ಹೊರುತ್ತವೆ. ದೊಡ್ಡವರಿಗೆ ತಗುಲಿದರೆ ಹಾಗಾಗುವುದು ಶೇಕಡ 5ಕ್ಕಿಂತ ಕಡಿಮೆ. ಆದ್ದರಿಂದ ಹುಟ್ಟಿದ 24 ಗಂಟೆಯೊಳಗಿನ ಲಸಿಕೆಗೆ ಅಷ್ಟು ಬೆಲೆ. ವಿದೇಶಿ ಲಸಿಕೆ ಬಡವರ ಕೈಗೆಟುಕದಿದ್ದ ಕಾಲದಲ್ಲಿ, 1997ರಲ್ಲಿ, ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಲಸಿಕೆ ತಂದಿತು. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಅದು 2002ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 2011ರ ಹೊತ್ತಿಗೆ ದೇಶಕ್ಕೆಲ್ಲ ಹರಡಿತು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅದರಡಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಸಿ ಇದ್ದರೆ ಸಾಮಾನ್ಯವಾಗಿ 12 ವಾರ ಮಾತ್ರೆ ನುಂಗಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ವೈರಸ್ ಪೂರ್ತಿ ಹೋಗುತ್ತದೆ. ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ದಿನಕ್ಕೊಂದು ಮಾತ್ರೆ ಅದನ್ನು ಕಟ್ಟಿಹಾಕುತ್ತದೆ. ಹಾಸನದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಬಾಳ್ಳುಪೇಟೆಯಿಂದ ಅಲ್ಲಿಗೆ ಬಸ್ಸೂ ಇದೆ, ರೈಲೂ ಇದೆ.

ಹೀಗಿದ್ದರೂ ಹಳದಿ ಕಣ್ಣಿನವರು ಇವತ್ತಿಗೂ ಮೊದಲು ಮದ್ದಿನ ಮನೆಗೇ ಹೋಗುವುದುಂಟು. ಆ ಮನೆಗಳ ಮೇಲಿನ ವಿಶ್ವಾಸ ನೂರು ವರ್ಷದಲ್ಲಿ ಕಟ್ಟಿದ್ದು. ಕಾಸು ಕೇಳದೆ, ಜಾತಿ ನೋಡದೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದು ಗಳಿಸಿದ್ದು. ಕರ್ನಾಟಕದ ಹಲವು ಕಡೆ ನಾಟಿ ವೈದ್ಯರು ಈಗ ಮದ್ದು ಕೊಡುವ ಮೊದಲು ‘ರಕ್ತ ಪರೀಕ್ಷೆ ಮಾಡ್ಸಿದ್ರಾ’ ಎಂದು ಕೇಳುತ್ತಾರೆ, ಕಣ್ಣಿಗೆ ಹಳದಿ ತರುವ ಬಿಲಿರುಬಿನ್ ಎಷ್ಟಿದೆ ಎಂದು ವರದಿ ನೋಡುತ್ತಾರೆ. ಅದೇ ವರದಿಯಲ್ಲಿ ಬಿ ವೈರಸ್ಸಿನ ಗುರುತಾದ ಹೆಚ್‌ಬಿಎಸ್ಎಜಿ ಎಂದು ಇಂಗ್ಲಿಷಿನಲ್ಲಿ ಬರೆದ ಸಾಲೊಂದನ್ನೂ, ಸಿ ವೈರಸ್ಸಿನ ಸಾಲೊಂದನ್ನೂ ಅವರು ಓದುವಂತಾದರೆ, ಪಾಸಿಟಿವ್ ಎಂದಿದ್ದವರನ್ನೂ ಬಸುರಿಯರನ್ನೂ ಮಾತು ತಪ್ಪುವ, ಮಂಪರು ಹತ್ತುವ ರೋಗಿಯನ್ನೂ ಲೋಟ ಕೊಡದೆ ನೇರ ಹಾಸನದ ಬಸ್ಸು ಹತ್ತಿಸಿದರೆ, ಯಾವ ಸರ್ಕಾರಿ ಭಿತ್ತಿಪತ್ರವೂ ಉಳಿಸಲಾರದಷ್ಟು ಜೀವಗಳನ್ನು ಆ ಜಗುಲಿಗಳು ಉಳಿಸಬಲ್ಲವು. ಡಾಕ್ಟರರ ಮಾತಿಗಿಂತ ಆ ಹಿರಿಯರ ಮಾತನ್ನು ಊರು ಬೇಗ ಕೇಳುತ್ತದೆ.

ಡಿಸೆಂಬರಿಗೆ ಮಳೆ ನಿಂತು ನೆಲನೆಲ್ಲಿ ಒಣಗಿರುತ್ತದೆ. ಬೇಕಾದವರು ಮಳೆಗಾಲದಲ್ಲೇ ಕಿತ್ತು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಟ್ಟಿರುತ್ತಾರೆ. ಆ ಹೊತ್ತಿಗೆ ಕಾಫಿ ಕುಯ್ಲು ಶುರು. ಲೈನುಗಳು ಮತ್ತೆ ತುಂಬುತ್ತವೆ. ಈಗ ಅಸ್ಸಾಮಿನಿಂದ, ಬಂಗಾಳದಿಂದ ಬಂದ ಹುಡುಗರೂ ಅಲ್ಲಿದ್ದಾರೆ. ಚಳಿಯ ಬೆಳಗಿನಲ್ಲಿ ಲೈನಿನ ಮುಂದೆ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಏರಿರುತ್ತದೆ. ಸ್ನಾನಕ್ಕೆ ಕಾಯುವ ಆ ನೀರಿನಿಂದ ಎರಡು ಕೊಡ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಕುಡಿಯಲು ತೋಟಕ್ಕೆ ಒಯ್ಯುವ ಮೇಸ್ತ್ರಿಯ ಗುಂಪಿನಲ್ಲಿ ಆ ವರ್ಷ ಕಣ್ಣು ಹಳದಿಯಾಗುವವರು ಕಡಿಮೆ.